ಬೆಟ್ಟದ ತುದಿಯ ಆರು ಮಿಲಿಮೀಟರ್

1979ರಲ್ಲಿ ನಾನು ಯಶವಂತಪುರದ ಒಂದು ವರ್ಕ್‌ಶಾಪಿನಲ್ಲಿ ಸೀನಿಯರ್ ಮಾಡೆಲ್ ಮೇಕರ್ ಆಗಿದ್ದೆ. ಅಣೆಕಟ್ಟು, ಕಾರ್ಖಾನೆ, ಹೊಸ ಬಡಾವಣೆ, ಯಾವುದೇ ಇರಲಿ, ಕಟ್ಟುವ ಮೊದಲು ಅದನ್ನು ಪುಟ್ಟದಾಗಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಡುವುದು ನಮ್ಮ ಕೆಲಸ. ಶಂಕುಸ್ಥಾಪನೆಗೆ ಬಂದ ಮಂತ್ರಿಗಳು ಬಗ್ಗಿ ನೋಡಿ ತಲೆಯಾಡಿಸುತ್ತಾರಲ್ಲ, ಆ ಪೆಟ್ಟಿಗೆಗಳು. ಎಷ್ಟೋ ಯೋಜನೆಗಳು ಆ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಅದಕ್ಕೆ ನಾವು ಹೊಣೆಯಲ್ಲ.

ವರ್ಕ್‌ಶಾಪಿನ ಮಾಲೀಕರು ರಹೀಂ ಸಾಹೇಬರು. ಮನೆಯಲ್ಲಿ ದಖ್ಖನಿ ಉರ್ದು, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವರಿಗೆ ಒಂದು ನಿಯಮವಿತ್ತು. ಗಿರಾಕಿ ಬಣ್ಣ ಬದಲಿಸು ಎಂದರೆ ಬದಲಿಸಬೇಕು, ಮರ ಜಾಸ್ತಿ ನೆಡು ಎಂದರೆ ನೆಡಬೇಕು, ಕಾರು ನಿಲ್ಲಿಸು ಎಂದರೆ ನಿಲ್ಲಿಸಬೇಕು. ಅಳತೆಯನ್ನು ಮಾತ್ರ ಮುಟ್ಟಬಾರದು. ನಾನು ಕೆಲಸ ಕಲಿತದ್ದು ಅವರ ಕೈಕೆಳಗೆ. ಹೀಗಾಗಿ ಆ ನಿಯಮ ನನಗೆ ಹಲ್ಲುಜ್ಜುವಷ್ಟು ಸಹಜವಾಗಿತ್ತು.

ಆ ವರ್ಷ ನನ್ನ ಗೆಳೆಯ ಪ್ರಭಾಕರ ಒಂದು ಆರ್ಡರ್ ತಂದ. ಪ್ರಭಾಕರ ಎಂದರೆ ಯಲಹಂಕದಲ್ಲಿ ನಮ್ಮ ಮನೆಯ ಸಾಲಿನಲ್ಲೇ ಹುಟ್ಟಿ ಬೆಳೆದವನು. ಒಂದೇ ಬೆಂಚಿನಲ್ಲಿ ಓದಿದೆವು, ಒಂದೇ ಕೆರೆಯಲ್ಲಿ ಈಜು ಕಲಿತೆವು. ನಾನು ಮುಳುಗುತ್ತಿದ್ದಾಗ ಕೂದಲು ಹಿಡಿದು ಎಳೆದವನೂ ಅವನೇ. ಆಗ ಅವನು ಒಂದು ದೊಡ್ಡ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಭಾನುವಾರ ಬಂತೆಂದರೆ ಹಗ್ಗ ಹೆಗಲಿಗೆ ಹಾಕಿಕೊಂಡು ರಾಜಾನುಕುಂಟೆಯ ಆಚೆ ಬಂಡೆ ಹತ್ತಲು ಹೋಗುತ್ತಿದ್ದ. ಮೊದಲು ಒಬ್ಬನೇ ಹೋಗುತ್ತಿದ್ದವನು ಆಮೇಲೆ ನಾಲ್ಕು ಜನರನ್ನು ಕಟ್ಟಿಕೊಂಡ, ಕೊನೆಗೆ ಒಂದು ಪರ್ವತಾರೋಹಣ ಕ್ಲಬ್ಬನ್ನೇ ಕಟ್ಟಿದ. ಆರ್.ಟಿ. ನಗರದ ಶಾಲೆಯಲ್ಲಿ ಟೀಚರ್ ಆಗಿದ್ದ ನನ್ನ ತಂಗಿ ವಿಮಲಾ ಕೂಡ ಆ ಕ್ಲಬ್ಬಿಗೆ ಸೇರಿದ್ದಳು. ಹೆಣ್ಣುಮಗಳು ಬಂಡೆ ಹತ್ತುವುದೇ ಎಂದು ನಮ್ಮಮ್ಮ ಗೊಣಗಿದಾಗ, "ನಾನಿರ್ತೀನಲ್ಲಮ್ಮ, ಯಾಕ್ ಹೆದರ್ತೀರಾ?" ಎಂದು ಅಮ್ಮನನ್ನು ಒಪ್ಪಿಸಿದವನು ಪ್ರಭಾಕರ.

ಅವನಿಗೆ ಬೇಕಾಗಿದ್ದದ್ದು ಗಢವಾಲ ಹಿಮಾಲಯದ ಒಂದು ಶಿಖರ. ಇಪ್ಪತ್ತು ಸಾವಿರ ಅಡಿ ದಾಟಿದ್ದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬೆಟ್ಟದ ತಪ್ಪು ಏನೂ ಇಲ್ಲ. ಮರುವರ್ಷ ಅವನ ತಂಡ ಆ ಶಿಖರ ಹತ್ತುವುದಿತ್ತು. ಖರ್ಚು ಕಾರ್ಖಾನೆಯದು. ಹತ್ತುವ ದಾರಿಯನ್ನು ಮೊದಲೇ ಕೂತು ಯೋಚಿಸಲು ಒಂದು ಮಾದರಿ ಬೇಕು, ಆಮೇಲೆ ಅದು ಕಾರ್ಖಾನೆಯ ಸಭಾಂಗಣದಲ್ಲಿ ಪ್ರದರ್ಶನಕ್ಕೆ ಇರುತ್ತದೆ ಎಂದ. ಪರ್ವತಾರೋಹಣ ತರಬೇತಿಯ ಕಾಲದಲ್ಲಿ ಆ ಶಿಖರದ ಬುಡದವರೆಗೆ ಹೋಗಿ ಬಂದಿದ್ದ ಅವನ ಬಳಿ ಒಂದಷ್ಟು ಫೋಟೋಗಳಿದ್ದವು. ಹಳೆಯ ಕಾಲದ ಸರ್ವೆ ನಕ್ಷೆಯೊಂದನ್ನೂ ಹೇಗೋ ಅನುಮತಿ ಪಡೆದು ತಂದಿದ್ದ. ಗಡಿಯ ಹತ್ತಿರದ ನಕ್ಷೆಯಾದ್ದರಿಂದ ಕೆಲಸ ಮುಗಿದ ಕೂಡಲೇ ಅದನ್ನು ಅವನಿಗೆ ವಾಪಸ್ ಕೊಡಬೇಕಿತ್ತು.

ಬೆಟ್ಟ ಮಾಡುವ ವಿಧಾನವನ್ನು ಸ್ವಲ್ಪ ಹೇಳಬೇಕು. ನಕ್ಷೆಯ ಮೇಲೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುತ್ತವೆ. ಅವನ್ನು ಕಂಟೂರ್ ಎನ್ನುತ್ತಾರೆ. ಒಂದೊಂದು ಗೆರೆಯ ಆಕಾರಕ್ಕೆ ಒಂದೊಂದು ಪ್ಲೈವುಡ್ ಹಾಳೆಯನ್ನು ಸಣ್ಣ ಗರಗಸದಿಂದ ಕೊಯ್ದು, ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಹೀಗೆ ಒಂದರ ಮೇಲೊಂದು ಅಂಟಿಸುತ್ತಾ ಹೋಗಬೇಕು. ಆಗ ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಆಮೇಲೆ ಮೆಟ್ಟಿಲುಗಳ ನಡುವೆ ಪ್ಲಾಸ್ಟರ್ ತುಂಬಿ ಇಳಿಜಾರು ಮಾಡಿ ಬಣ್ಣ ಹಚ್ಚುತ್ತೇವೆ. ಈ ಮಾದರಿಯಲ್ಲಿ ಒಂದು ಮೈಲಿಗೆ ಆರು ಇಂಚು ಲೆಕ್ಕ. ಆರು ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಾಳೆ ಎಂದರೆ ಹೆಚ್ಚುಕಡಿಮೆ ಇನ್ನೂರು ಅಡಿ ಎತ್ತರ. ಸಾಮಾನ್ಯವಾಗಿ ಗಿರಾಕಿಗಳು ಬೆಟ್ಟ ಇನ್ನೂ ಗತ್ತಾಗಿ ಕಾಣಲಿ ಎಂದು ಎತ್ತರವನ್ನು ಒಂದೂವರೆ ಪಟ್ಟು ಮಾಡಿಸುತ್ತಾರೆ. ಪ್ರಭಾಕರ ಮಾತ್ರ, "ಇದ್ದ ಹಾಗೇ ಇರ್ಲಿ ಕಣೋ ಸೀನ. ಹತ್ತೋನು ನಾನು. ಸುಳ್ಳು ಬೆಟ್ಟ ಇಟ್ಕೊಂಡು ಏನ್ ಮಾಡ್ಲಿ?" ಎಂದ. ಈ ಮಾತು ಅವನದೇ. ನಾನು ಬಾಯಿಗೆ ತುರುಕಿದ್ದಲ್ಲ.

ಆ ಬೆಟ್ಟದ ಕೆಲಸ ನನ್ನನ್ನು ಹಿಡಿದುಬಿಟ್ಟಿತು. ಕೆಳಗೆ ಕಿರಿದಾದ ಕಣಿವೆಯಲ್ಲಿ ನದಿ, ಅದರ ಎರಡೂ ಬದಿಗೆ ದೇವದಾರು ಕಾಡು. ಕಾಡು ಮುಗಿಯುವಲ್ಲಿ ಸಿಪ್ಪೆ ಸುಲಿದುಕೊಳ್ಳುವ ಭೂರ್ಜ ಮರಗಳು, ಅದರ ಮೇಲೆ ಬುಗ್ಯಾಲ್. ಬುಗ್ಯಾಲ್ ಎಂದರೆ ಮರಗಳೇ ಇಲ್ಲದ ಎತ್ತರದ ಹುಲ್ಲುಗಾವಲು. ಚಳಿಗಾಲವೆಲ್ಲ ಹಿಮದಡಿ ಮಲಗಿದ್ದು ಬೇಸಿಗೆಯಲ್ಲಿ ಕುರಿಗಾಹಿಗಳು ಬರುವ ಹೊತ್ತಿಗೆ ಹೂವಿನಿಂದ ತುಂಬಿರುತ್ತದಂತೆ. ಅದರ ಮೇಲೆ ಹಿಮನದಿ ತಳ್ಳಿ ತಂದ ಕಲ್ಲಿನ ರಾಶಿ, ಆಮೇಲೆ ಬಿರುಕು ಬಿಟ್ಟ ಹಿಮನದಿ, ಅಲ್ಲಿಂದ ಮೇಲೆ ಬರೀ ಹಿಮ. ಹಿಮವನ್ನೇ ನೋಡಿರದ ನಾನು ಐಸ್ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಗಡ್ಡೆ ತಂದು ಬಿಸಿಲಿಗಿಟ್ಟು, ಅದರ ನೆರಳು ಬಿಳಿಯಲ್ಲ, ತಿಳಿನೀಲಿ ಎಂಬುದನ್ನು ಕಂಡುಕೊಂಡೆ. ಅಲ್ಲಿಯವರೆಗೆ ಹಚ್ಚಿದ್ದ ಬಿಳಿಯನ್ನೆಲ್ಲ ಕೆರೆದು ತೆಗೆದೆ. ಸಾಹೇಬರು, "ಸೀನಪ್ಪ, ನಿಂಗೆ ಈ ಪಹಾಡ್ ಜೊತೆ ನಿಕಾಹ್ ಮಾಡಿಸ್ಬಿಡ್ತೀನಿ" ಎಂದು ನಗುತ್ತಿದ್ದರು.

ಶಿಖರದಲ್ಲಿ ಎರಡು ತುದಿಗಳಿದ್ದವು. ಪ್ರಭಾಕರನ ತಂಡ ಹತ್ತುವ ದಾರಿಯಲ್ಲಿ ಮೊದಲು ಸಿಗುವುದು ಚಿಕ್ಕದು. ಅಲ್ಲಿಂದ ಮುಂದೆ ಬೆಟ್ಟದ ಬೆನ್ನಿನ ಏಣು ಕತ್ತಿಯಲಗಿನಂತೆ ತೆಳ್ಳಗಾಗಿ, ಒಂದು ಆಳವಾದ ಕೊರಕಲಿಗೆ ಇಳಿದು, ಮತ್ತೆ ಕಡಿದಾಗಿ ಎದ್ದು ದೊಡ್ಡ ತುದಿಗೆ ಸೇರುತ್ತದೆ. ನಿಜವಾದ ಶಿಖರ ಅದು. ವರ್ಕ್‌ಶಾಪಿನಲ್ಲಿ ನಾವು ಅವಕ್ಕೆ ಚಿಕ್ಕಪ್ಪ, ದೊಡ್ಡಪ್ಪ ಎಂದು ಹೆಸರಿಟ್ಟೆವು. ಮಾದರಿಯ ಮೇಲೆ ಲೆಕ್ಕ ಸುಲಭ. ಕೊರಕಲು ಚಿಕ್ಕಪ್ಪನಿಗಿಂತ ಒಂದು ಹಾಳೆ ಕೆಳಗೆ, ದೊಡ್ಡಪ್ಪ ಚಿಕ್ಕಪ್ಪನಿಗಿಂತ ಒಂದು ಹಾಳೆ ಮೇಲೆ.

ಸಂಜೆ ಶಿಫ್ಟ್ ಮುಗಿಸಿ ಪ್ರಭಾಕರ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ. ಸುಮ್ಮನೆ ಕೂರುವ ಜಾತಿಯವನಲ್ಲ. ಪ್ಲಾಸ್ಟರ್ ಬೇಗ ಗಟ್ಟಿಯಾಗದಂತೆ ಅದಕ್ಕೆ ಒಂದಿಷ್ಟು ಅಂಟಿನ ನೀರು ಬೆರೆಸುವುದನ್ನು ಕಲಿತ. ಹಿಮದ ಮೇಲ್ಮೈಗೆ ಒದ್ದೆ ಹೆಬ್ಬೆರಳಿನಿಂದ ಒತ್ತಿ ಎಳೆದು ಗಾಳಿ ಕೊರೆದಂಥ ಗೆರೆ ಮೂಡಿಸುವುದು ನನ್ನದೇ ಉಪಾಯ. ಬೇರೆ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಅವನಿಗೆ ಹೇಳಿಕೊಟ್ಟೆ. ಅವನು ಎಡಚ. ಅವನ ಗೆರೆಗಳು ನನ್ನವಕ್ಕೆ ವಿರುದ್ಧ ದಿಕ್ಕಿಗೆ ವಾಲುತ್ತಿದ್ದವು. ಅವನು ಮಾಡಿದ್ದನ್ನು ಅಳಿಸಿ ನಾನು ಮತ್ತೆ ಒತ್ತುತ್ತಿದ್ದೆ. "ಒಂದೇ ಬೆಟ್ಟದಲ್ಲಿ ಎರಡು ಗಾಳಿ ಬೀಸಲ್ಲ ಕಣೋ" ಎಂದು ರೇಗಿಸುತ್ತಿದ್ದೆ. ಅವು ನಮ್ಮಿಬ್ಬರ ಅತ್ಯಂತ ಒಳ್ಳೆಯ ದಿನಗಳು ಎಂದು ಈಗಲೂ ಅನ್ನಿಸುತ್ತದೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮಾದರಿಯ ಕೊನೆಯ ತುಂಡನ್ನು ಗಿರಾಕಿಯ ಕೈಯಿಂದ ಇಡಿಸುವುದು. ಪ್ರಭಾಕರ ಕೈ ತೊಳೆದುಕೊಂಡು ಬಂದು, ಹುಣಸೆಬೀಜದಷ್ಟಿದ್ದ ದೊಡ್ಡಪ್ಪನ ಕೊನೆಯ ಹಾಳೆಗೆ ಅಂಟು ಹಚ್ಚಿ ಇಟ್ಟ. ಸಾಹೇಬರು ಎಲ್ಲರಿಗೂ ಜಿಲೇಬಿ ಹಂಚಿದರು.

1980ರ ಬೇಸಿಗೆಯಲ್ಲಿ ತಂಡ ಹೋಯಿತು. ಶಿಖರ ಮುಟ್ಟಿದೆವು ಎಂಬ ತಂತಿ ಬಂದಾಗ ನಾನು ಯಲಹಂಕದ ಬೀದಿಯುದ್ದಕ್ಕೂ ಸಕ್ಕರೆ ಹಂಚಿದೆ. ಅವನ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತರು. ಕಾರ್ಖಾನೆಯವರು ಹಾರ, ಶಾಲು, ಬ್ಯಾಂಡು ಎಲ್ಲದರ ಜೊತೆ ಬಡ್ತಿಯನ್ನೂ ಕೊಟ್ಟರು. ಪತ್ರಿಕೆಗಳಲ್ಲಿ ಫೋಟೋ ಬಂತು. ಆಕಾಶದ ಎದುರು ಬಾವುಟ ಹಿಡಿದು ನಿಂತ ಪ್ರಭಾಕರ. ನಾನು ಅದನ್ನು ಕತ್ತರಿಸಿ ವರ್ಕ್‌ಶಾಪಿನ ಗೋಡೆಗೆ ಅಂಟಿಸಿದೆ.

ಒಂದು ತಿಂಗಳಾಗಿರಬೇಕು. ಪ್ರಭಾಕರ ವರ್ಕ್‌ಶಾಪಿಗೆ ಬಂದು, ಆಗಲೇ ಸಭಾಂಗಣ ಸೇರಿದ್ದ ಮಾದರಿಯಲ್ಲಿ ಒಂದು ಸಣ್ಣ ತಿದ್ದುಪಡಿ ಆಗಬೇಕು ಎಂದ. ಹಳೆಯ ನಕ್ಷೆ ತಪ್ಪಂತೆ. ಚಿಕ್ಕಪ್ಪನೇ ಎತ್ತರ, ದೊಡ್ಡಪ್ಪ ಅಲ್ಲ. ಅಲ್ಲಿ ಹೋಗಿ ನೋಡಿದ ಮೇಲೆ ತಿಳಿಯಿತಂತೆ. ದೊಡ್ಡಪ್ಪನ ತಲೆಯನ್ನು ಸ್ವಲ್ಪ ತಗ್ಗಿಸಿಬಿಟ್ಟರೆ ಆಯಿತು.

ನಕ್ಷೆ ತಪ್ಪಿರುವುದು ಹೊಸದಲ್ಲ. ಅಷ್ಟು ಹಳೆಯ ಕಾಲದಲ್ಲಿ ಅಷ್ಟು ಎತ್ತರದಲ್ಲಿ ಅಳೆದವರು ದೇವರೇನಲ್ಲ. ಆದರೂ ಕೇಳಿದೆ. "ಅಲ್ಲಿಂದ ಆ ಕಡೆ ತಿರುಗಿ ತೆಗೆದ ಫೋಟೋ ಇದ್ಯಾ? ದೊಡ್ಡಪ್ಪ ಎಷ್ಟು ಕೆಳಗಿದೆ ನೋಡೋಣ."

"ಆ ಕಡೆ ಮೋಡ ಇತ್ತು."

"ಹಂಗಾದ್ರೆ ಕೆಳಗಿದೆ ಅಂತ ಹೆಂಗೆ ಗೊತ್ತಾಯ್ತು?"

ಅವನು ನಕ್ಕ. ನಾನೂ ನಕ್ಕೆ. ಸಾಹೇಬರು ಮಾತ್ರ ನಗಲಿಲ್ಲ. ಅವನು ಮುಖ ತೊಳೆಯಲು ಹೋದಾಗ ನನ್ನ ಹತ್ತಿರ ಬಂದು, "ಪಹಾಡ್ ಕಾಟ್ನಾ ನಕ್ಕೋ ಮಿಯಾ" ಎಂದರು. ಬೆಟ್ಟ ಕಡಿಯಬೇಡ ಎಂದು. ಹೊಸ ನಕ್ಷೆ ಬಂದ ಮೇಲೆ ತಿದ್ದೋಣ ಎಂದು ನಾನು ಪ್ರಭಾಕರನಿಗೆ ಹೇಳಿದೆ. "ಸರಿ ಬಿಡು, ಇರ್ಲಿ. ಅದೇನ್ ದೊಡ್ಡ ವಿಷ್ಯಾನಾ" ಎಂದು ಅವನು ನನ್ನ ಭುಜ ತಟ್ಟಿ, ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಸಿ ಹೋದ. ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆ ವರ್ಷ ಗೌರಿ ಹಬ್ಬಕ್ಕೆ ಅವನ ತಾಯಿ ವಿಮಲಾಗೆ ಬಾಗಿನ ಕೊಟ್ಟರು, ಮರುವರ್ಷ ಯುಗಾದಿಗೆ ಅವರ ಮನೆಯಲ್ಲಿ ಹೋಳಿಗೆ ಉಂಡೆ.

1981ರಲ್ಲಿ ಕ್ಲಬ್ಬಿನ ಹೆಣ್ಣುಮಕ್ಕಳು ನಾಲ್ವರು ಅದೇ ಶಿಖರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಹೊರಡುವುದು ಮರುವರ್ಷ, ತಂಡದ ನಾಯಕಿ ವಿಮಲಾ. ಅಧ್ಯಕ್ಷ ಪ್ರಭಾಕರ ಇದಕ್ಕೆ ಮೊದಲು ಒಂದಿಷ್ಟು ಅಡ್ಡ ಮಾತಾಡಿದರೂ ಆಮೇಲೆ ಒಪ್ಪಿದನಂತೆ. ನಕ್ಷೆ ಅವನ ವಶದಲ್ಲಿತ್ತು. ಗಡಿಯ ನಕ್ಷೆ, ಎಲ್ಲರಿಗೂ ತೋರಿಸುವಂತಿಲ್ಲ, ಮಾದರಿ ನೋಡಿ ದಾರಿ ಮಾಡಿಕೊಳ್ಳಿ ಎಂದಿದ್ದ. ಅದಕ್ಕೇ ವಿಮಲಾ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿಕೊಂಡು ಕಾರ್ಖಾನೆಯ ಸಭಾಂಗಣಕ್ಕೆ ಹೋಗಿ, ಗಾಜಿನ ಪೆಟ್ಟಿಗೆಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ತನ್ನ ಯೋಜನೆ ಹೇಳಿದಳು. ಗಂಡಸರು ಹತ್ತಿದ ಕಡೆಯಿಂದ ಅವರು ಹತ್ತುವುದಿಲ್ಲ. ಇನ್ನೊಂದು ಬದಿಯ, ಎಂದರೆ ದೊಡ್ಡಪ್ಪನ ಕಡೆಯ ಹುಲ್ಲುಗಾವಲಿನಿಂದ ಹೊರಟು, ಉದ್ದವಾದರೂ ಸುಲಭವಾದ ಇಳಿಜಾರಿನಲ್ಲಿ ಹತ್ತಿ, ಏಣಿನ ಮೇಲೆ ನಡೆದು ಚಿಕ್ಕಪ್ಪನನ್ನು ಮುಟ್ಟಿ, ಗಂಡಸರ ದಾರಿಯಲ್ಲಿ ಇಳಿಯುತ್ತಾರೆ. ಹಾಗೆ ಯಾರೂ ಮಾಡಿಲ್ಲ.

"ಕೊರಕಲಿಗೆ ಎಷ್ಟು ಹಗ್ಗ ತಗೊಂಡು ಹೋಗ್ತೀರಾ?" ಎಂದೆ.

"ಯಾವ ಕೊರಕಲು ಅಣ್ಣ?"

"ಏಣಿನ ಮಧ್ಯೆ ಇರೋದು."

"ಅಲ್ಲೇನೂ ಇಲ್ವಲ್ಲ. ಸಮಕ್ಕಿದೆ. ನಡ್ಕೊಂಡು ಹೋಗ್ಬಹುದು ಅಂತ ಹಗ್ಗ ಕಮ್ಮಿ ಮಾಡಿದ್ದೀವಿ. ಭಾರ ಉಳಿಯುತ್ತೆ."

ತುತ್ತನ್ನು ತಟ್ಟೆಗೆ ಇಳಿಸಿದೆ. ಆ ಕೊರಕಲನ್ನು ಕೊಯ್ದವನು ನಾನು. ಅದು ಇಲ್ಲ ಎನ್ನುತ್ತಿದ್ದಾಳೆ ನನ್ನ ತಂಗಿ. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು.

ಮರುದಿನ ಸಭಾಂಗಣಕ್ಕೆ ಹೋದೆ. ಕಾವಲಿನವನಿಗೆ ನಾನು ಪರಿಚಯ, ಧೂಳು ಒರೆಸಬೇಕೆಂದು ಹೇಳಿ ಗಾಜು ತೆಗೆಸಿದೆ. ದೊಡ್ಡಪ್ಪನ ತಲೆ ಇರಲಿಲ್ಲ. ಒಂದು ಹಾಳೆಯನ್ನೂ ಅದರ ಕೆಳಗೆ ಇನ್ನೊಂದಿಷ್ಟನ್ನೂ ಅರದಿಂದ ಉಜ್ಜಿ ತೆಗೆದು ದುಂಡಗೆ ಮಾಡಿದ್ದರು. ಕೊರಕಲು ತುಂಬಿಹೋಗಿತ್ತು. ಬಣ್ಣ ಚೆನ್ನಾಗಿಯೇ ಹೊಂದಿತ್ತು, ನೆರಳಿಗೆ ತಿಳಿನೀಲಿ ಕೂಡ. ನಾನು ಬೆರಳಾಡಿಸಿ ನೋಡಿದೆ. ಒದ್ದೆ ಹೆಬ್ಬೆರಳಿನ ಗೆರೆಗಳು ಎಡಗಡೆಗೆ ವಾಲಿದ್ದವು.

ಬೇರೆ ಯಾರಾದರೂ ಮಾಡಿದ್ದರೆ ಸಿಟ್ಟು ಬರುತ್ತಿತ್ತು, ಅಷ್ಟೆ. ಇದು ಹಾಗಲ್ಲ. ನನ್ನ ಪಕ್ಕದಲ್ಲಿ ಕೂತು ಕಲಿತ ವಿದ್ಯೆಯನ್ನು ನನ್ನ ಬೆಟ್ಟದ ಮೇಲೆಯೇ ಬಳಸಿದ್ದ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ವಿಮಲಾ ಪ್ರತಿ ಶನಿವಾರ ಬಂದು ಇದೇ ಬೆಟ್ಟವನ್ನು ನೋಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಅವನ ಶಿಫ್ಟ್ ಮುಗಿಯುವವರೆಗೆ ಗೇಟಿನ ಬಳಿ ಕಾದೆ. ಅವನು ನನ್ನ ಮುಖ ನೋಡಿದ ಕೂಡಲೇ ಎಲ್ಲ ಅರ್ಥ ಮಾಡಿಕೊಂಡ. ಇಬ್ಬರೂ ಸೈಕಲ್ ತಳ್ಳಿಕೊಂಡು ರೈಲ್ವೆ ಸ್ಟೇಷನ್ನಿನ ಗೋಡೆಯ ಪಕ್ಕ ನಡೆದೆವು.

"ಅಲ್ಲಿ ಗಾಳಿ ಹೆಂಗಿತ್ತು ಗೊತ್ತಾ ನಿಂಗೆ? ಕೊರಕಲು ದಾಟೋಕೆ ಹಗ್ಗ ಸಾಲ್ಲಿಲ್ಲ. ಚಿಕ್ಕಪ್ಪನ ಮೇಲೆ ಬಾವುಟ ನೆಟ್ಟು ವಾಪಸ್ ಬಂದ್ವಿ. ಅಷ್ಟು ದೂರ ಹೋಗಿದ್ದೀವಿ, ಅಷ್ಟಕ್ಕೆ ಯಾರಿಗೇನ್ ನಷ್ಟ?" ಎಂದ. "ಬರೀ ಪ್ಲಾಸ್ಟರ್ ಕಣೋ ಅದು."

"ವಿಮಲಾ ಹಗ್ಗ ಕಮ್ಮಿ ಮಾಡ್ಕೊಂಡಿದ್ದಾಳೆ. ಆ ಕೊರಕಲಿಗೆ ಆ ಕಡೆಯಿಂದ ಬರ್ತಾಳೆ. ಅವಳು ಹೊರಡೋ ಮೊದ್ಲು ಹೇಳ್ತಿದ್ಯಾ?"

ಅವನು ಸೈಕಲ್ಲಿನ ಬೆಲ್ಲನ್ನು ಬೆರಳಿನಿಂದ ತಿರುವುತ್ತಾ ನಡೆದ. ಏನಾದರೂ ಹೇಳು, ಹೇಳುತ್ತಿದ್ದೆ ಎಂದು ಸುಳ್ಳನ್ನಾದರೂ ಹೇಳು ಎಂದು ನನ್ನ ಮನಸ್ಸು ಬೇಡುತ್ತಿತ್ತು.

"ಅವರು ಅಲ್ಲೀ ತನಕ ಹೋಗಲ್ಲ ಅಂದ್ಕೊಂಡಿದ್ದೆ ಕಣೋ" ಎಂದ.

ಕೆರೆಯಲ್ಲಿ ಕೂದಲು ಹಿಡಿದು ಎಳೆದ ಕೈ ಸೈಕಲ್ಲಿನ ಹ್ಯಾಂಡಲ್ ಮೇಲಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಸೈಕಲ್ ಹತ್ತಿ ಯಲಹಂಕದ ದಾರಿ ಹಿಡಿದೆ. ಹೆಬ್ಬಾಳ ದಾಟುವವರೆಗೂ ಕಣ್ಣು ಮಂಜಾಗಿಯೇ ಇತ್ತು.

ಕ್ಲಬ್ಬಿನ ಸಮಿತಿಗೆ ಹೋಗಿ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಏಳು ಜನ ಕೂತಿದ್ದರು. ಅವರಲ್ಲಿ ಇಬ್ಬರು ಪ್ರಭಾಕರನ ಜೊತೆ ಚಿಕ್ಕಪ್ಪನ ಮೇಲೆ ನಿಂತು ಬಂದವರು. ಅವರು ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದರು. ಕಾರ್ಯದರ್ಶಿ ಬಹಳ ವಿನಯದಿಂದ, "ತಾವು ಹಿಮಾಲಯ ನೋಡಿದ್ದೀರಾ ಸ್ವಾಮಿ?" ಎಂದರು. ಇಲ್ಲ ಎಂದೆ. "ಹಿಮಾನಾದ್ರೂ? ಐಸ್‌ಕ್ಯಾಂಡಿ ಬಿಟ್ಟು?" ಎಲ್ಲರೂ ನಕ್ಕರು. ಆ ಇಬ್ಬರೂ ನಕ್ಕರು. ಕಾರ್ಖಾನೆಯ ಅಧಿಕಾರಿಯ ಬಳಿ ಹೋದರೆ, ಮಾದರಿ ಕಾರ್ಖಾನೆಯ ಸ್ವತ್ತು, ಕೊಟ್ಟ ಮೇಲೆ ನಿಮಗೇನು ಸಂಬಂಧ ಎಂದರು. ಸಾಹೇಬರು ನನ್ನ ಜೊತೆಗೇ ಬಂದಿದ್ದರು. "ನಮ್ ಕೈಕೆಲ್ಸಕ್ಕೆ ಇನ್ನೊಬ್ರು ಕೈ ಹಾಕಿದ್ದಾರೆ, ನಮ್ ಹೆಸ್ರು ತೆಗ್ದ್‌ಬಿಡಿ" ಎಂದು ಪೆಟ್ಟಿಗೆಯ ಮೇಲಿದ್ದ ವರ್ಕ್‌ಶಾಪಿನ ಹಿತ್ತಾಳೆ ಫಲಕವನ್ನು ಅಲ್ಲೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಆ ಕಾರ್ಖಾನೆಯಿಂದ ನಮಗೆ ಆರ್ಡರ್ ಬರಲಿಲ್ಲ. ಸಾಹೇಬರು ಆ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ.

ಇನ್ನು ಉಳಿದದ್ದು ವಿಮಲಾ. ನಾನು ಅವಳಿಗೆ ಎಲ್ಲ ಹೇಳಿದಾಗ ಮೊದಲು ನಂಬಲಿಲ್ಲ. ಪ್ರಭಾಕರಣ್ಣ ಹಾಗೆ ಮಾಡುವವನಲ್ಲ ಎಂದು ನನ್ನ ಮೇಲೇ ರೇಗಿದಳು. ಬಂಡೆಯ ಮೇಲೆ ಕಾಲಿಡುವುದನ್ನು ಅವಳಿಗೆ ಕಲಿಸಿದವನು ಅವನು. ಅಮ್ಮ ಆಗತಾನೆ ಮುದ್ದೆ ತೊಳಸಿ ಇಟ್ಟಿದ್ದರು. ನಾನು ಒಂದು ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು, ಬಿಸಿ ತಾಳದಿದ್ದರೂ ಕೈ ಒದ್ದೆ ಮಾಡಿಕೊಂಡು, ಎರಡು ತುದಿಗಳನ್ನೂ ನಡುವಿನ ಕೊರಕಲನ್ನೂ ಏಣನ್ನೂ ಮಾಡಿ ತೋರಿಸಿದೆ. ನಕ್ಷೆ ನನ್ನ ಬಳಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳು ಕಡ್ಡಿ ಹಿಡಿದು ಕೊರಕಲಿನ ಎರಡೂ ಗೋಡೆಗಳನ್ನು ಅಳೆದಳು.

"ನಾನು ಆ ಕಡೆಯಿಂದ ಬಂದು ಇಲ್ಲಿ ನಿಂತಿದ್ರೆ?" ಎಂದಳು, ಕಡ್ಡಿಯನ್ನು ಕೊರಕಲಿನ ಅಂಚಿಗಿಟ್ಟು.

"ಮುಂದಕ್ಕೆ ಹಗ್ಗ ಸಾಲಲ್ಲ, ವಾಪಸ್ ಆ ಉದ್ದದ ದಾರಿ ಇಳಿಯೋಕೆ ಹೊತ್ತು ಸಾಲಲ್ಲ."

ಅವಳು ಅತ್ತದ್ದನ್ನು ನಾನು ಎರಡೇ ಸಲ ನೋಡಿರುವುದು. ಒಂದು ಅಪ್ಪ ಹೋದಾಗ, ಇನ್ನೊಂದು ಅವತ್ತು. ಅಮ್ಮ ತಟ್ಟೆ ಎತ್ತಿಕೊಂಡು ಹೋಗಿ ಬೇರೆ ಮುದ್ದೆ ಬಡಿಸಿದರು.

ಹೋಗಬೇಡ ಎಂದು ನಾನು ಹೇಳಲಿಲ್ಲ, ಹೇಳಿದ್ದರೂ ಕೇಳುವವಳಲ್ಲ. ದಾರಿ ಬದಲಿಸಿದಳು. ಗಂಡಸರ ದಾರಿಯಲ್ಲೇ ಹತ್ತುವುದು, ಹಗ್ಗ ಸಾಕಷ್ಟು ಒಯ್ಯುವುದು, ಕೊರಕಲಿನ ಬಳಿ ನಿಂತು ನೋಡಿ ಆಮೇಲೆ ತೀರ್ಮಾನಿಸುವುದು. ತಂಡದ ಉಳಿದ ಮೂವರಿಗೂ ಕಾರಣ ಹೇಳಿದಳು. ಒಬ್ಬಳು ಕ್ಲಬ್ಬನ್ನೇ ಬಿಟ್ಟುಬಿಡೋಣ ಎಂದಾಗ, "ಬೆಟ್ಟ ಕ್ಲಬ್ಬಿಂದಲ್ಲ ಕಣೇ" ಎಂದಳಂತೆ. 1982ರಲ್ಲಿ ಹೊರಟರು. ಪ್ರಭಾಕರ ಸ್ಟೇಷನ್ನಿಗೆ ಬಂದು ಎಲ್ಲರಿಗೂ ಕುಂಕುಮ ಇಟ್ಟು ಕಳಿಸಿದ. ನಾನು ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ ನಿಂತಿದ್ದೆ.

ಅವರು ಕ್ಷೇಮವಾಗಿ ಬಂದರು. ಬಂದ ವಾರ ಅದೇ ಸಭಾಂಗಣದಲ್ಲಿ ಸನ್ಮಾನ. ಗಾಜಿನ ಪೆಟ್ಟಿಗೆಯನ್ನು ವೇದಿಕೆಯ ಮುಂದೆಯೇ ಇಟ್ಟು ಹೂವಿನ ಸರ ಸುತ್ತಿದ್ದರು, ಎಲ್ಲರಿಗೂ ಕಾಣಲಿ ಎಂದು ಗಾಜು ತೆಗೆದಿದ್ದರು. ಪ್ರಭಾಕರ ಮೈಕ್ ಹಿಡಿದು ಸೊಗಸಾಗಿ ಮಾತಾಡಿದ. ನಮ್ಮ ತಂಡ ಎರಡು ವರ್ಷದ ಹಿಂದೆ ಮುಟ್ಟಿದ ಶಿಖರವನ್ನು ನಮ್ಮ ಸಹೋದರಿಯರೂ ಮುಟ್ಟಿ ಬಂದಿದ್ದಾರೆ ಎಂದ. ಚಪ್ಪಾಳೆ ಬಿತ್ತು. ಆಗ ನನಗೆ ಅವನ ಲೆಕ್ಕ ಹೊಳೆಯಿತು. ಇವರೂ ಚಿಕ್ಕಪ್ಪನವರೆಗೆ ಹೋಗಿದ್ದಾರೆ. ಇವರಿಗೂ ಶಿಖರದ ಹಾರ ಹಾಕಿಬಿಟ್ಟರೆ ಇವರ ಬಾಯಿಯೂ ಮುಚ್ಚಿತು, ಅವನ ಸುಳ್ಳಿಗೆ ನಾಲ್ಕು ಸಾಕ್ಷಿಯೂ ಸಿಕ್ಕಿತು. ಸುಮ್ಮನೆ ಕತ್ತು ಬಗ್ಗಿಸಿದರೆ ಸಾಕು. ಅಮ್ಮ ಮುಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ವಿಮಲಾಗೆ ಅದು ಕಾಣುತ್ತಿತ್ತು.

ಪ್ರಭಾಕರ ಹಾರ ಹಿಡಿದು ಅವಳ ಮುಂದೆ ಬಂದ. ಅವಳು ಒಂದು ಹೆಜ್ಜೆ ಹಿಂದೆ ಸರಿದು ವೇದಿಕೆಯಿಂದ ಇಳಿದು ಮಾದರಿಯ ಬಳಿ ಬಂದಳು. ಬಿಸಿಲಿಗೂ ಹಿಮಕ್ಕೂ ಅವಳ ಮೂಗಿನ ಚರ್ಮ ಇನ್ನೂ ಸುಲಿಯುತ್ತಿತ್ತು. ಮೈಕ್ ಇಲ್ಲದೆಯೇ, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿದಳು.

"ನಾವು ಶಿಖರ ಮುಟ್ಟಲಿಲ್ಲ. ಇಲ್ಲೀ ತನಕ ಹೋದ್ವಿ." ಚಿಕ್ಕಪ್ಪನ ಮೇಲೆ ಬೆರಳಿಟ್ಟಳು. "ಮುಂದೆ ಕೊರಕಲು ಇದೆ, ಇದ್ರಲ್ಲಿ ಕಾಣಲ್ಲ. ಹಿಮ ಮೆತ್ತಗಿತ್ತು, ಹಗ್ಗ ಇದ್ರೂ ದಾಟೋದು ಬೇಡ ಅಂತ ನಾನೇ ಹೇಳ್ದೆ. ಶಿಖರ ಇಲ್ಲಿದೆ." ಬೆರಳನ್ನು ಉಜ್ಜಿಹೋಗಿದ್ದ ದಿಬ್ಬದ ಮೇಲಕ್ಕೆ ತಂದು, ಏನನ್ನೂ ಮುಟ್ಟದೆ, ಬರಿಯ ಗಾಳಿಯಲ್ಲಿ ನಿಲ್ಲಿಸಿದಳು. ಅಷ್ಟೂ ಜನ ಆ ಬೆರಳನ್ನೇ ನೋಡಿದರು. ಆಮೇಲೆ ಅವಳು ಪ್ರಭಾಕರನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ನೆಟ್ಟ ಬಾವುಟದ ಕೋಲು ಚಿಕ್ಕ ತುದಿ ಮೇಲೇ ಇತ್ತು ಪ್ರಭಾಕರಣ್ಣ. ಅದರ ಪಕ್ಕ ಕೂತ್ಕೊಂಡು ಶಿಖರ ನೋಡಿದ್ವಿ."

ಚಪ್ಪಾಳೆ ಬೀಳಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ವಂದನಾರ್ಪಣೆಯವರು ಗಡಿಬಿಡಿಯಿಂದ ಎಲ್ಲರಿಗೂ ಕಾಫಿ ತಿಂಡಿ ಇದೆ ಎಂದು ಪ್ರಕಟಿಸಿದರು. ಮರುದಿನದ ಪತ್ರಿಕೆಯಲ್ಲಿ ಮಹಿಳೆಯರೂ ಶಿಖರ ಮುಟ್ಟಿದರು ಎಂದೇ ಬಂತು. ಭಾಷಣವನ್ನು ಮೊದಲೇ ಬರೆದು ಕಳಿಸಿದ್ದರೋ ಏನೋ. ವಿಮಲಾ ತಿದ್ದುಪಡಿ ಹಾಕಿ ಎಂದು ಕಚೇರಿಯವರೆಗೆ ಹೋಗಿ ಬಂದಳು, ಅದು ಅಚ್ಚಾಗಲಿಲ್ಲ. ಪ್ರಭಾಕರನ ಬಡ್ತಿಗೂ ಶಾಲಿಗೂ ಏನೂ ಆಗಲಿಲ್ಲ. ಜಗತ್ತಿನಲ್ಲಿ ಮೋಸಕ್ಕೆ ತಕ್ಕ ಶಾಸ್ತಿಯಾಗುತ್ತದೆ ಎಂದು ನಂಬಿದವರು ಈ ಪ್ಯಾರಾ ಬಿಟ್ಟು ಓದಿಕೊಳ್ಳಲಿ.

ಅವತ್ತು ಸಭಾಂಗಣದ ಮೆಟ್ಟಿಲ ಮೇಲೆ ಪ್ರಭಾಕರ ನನ್ನನ್ನು ತಡೆದ. ಕೈಯಲ್ಲಿ ಆ ಹಾರ ಇನ್ನೂ ಇತ್ತು. "ಅಣ್ಣ ತಂಗಿ ಸೇರ್ಕೊಂಡು ನನ್ ಮಾನ ತೆಗೆದ್ರಿ. ಹಿಂಗೆ ಮೋಸ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ ಸೀನ" ಎಂದ. ನಟನೆ ಇರಲಿಲ್ಲ, ಅವನ ಕಣ್ಣಲ್ಲಿ ನೀರಿತ್ತು. ಮೋಸ ಹೋದವನು ತಾನೇ ಎಂದು ಅವನು ಮನಸಾರೆ ನಂಬಿದ್ದ. ನನಗೆ ಇವತ್ತಿಗೂ ಉರಿಯುವುದು ಅದೇ. ಕಡಿದ ಬೆಟ್ಟಕ್ಕಿಂತ, ಐಸ್‌ಕ್ಯಾಂಡಿಯ ನಗೆಗಿಂತ ಅದು ಹೆಚ್ಚು.

ಆಮೇಲೆ ನಾನು ಮಾಡಿದ ಪ್ರತಿಯೊಂದು ಬೆಟ್ಟದ ಮಾದರಿಯಲ್ಲೂ ಒಂದು ಬದಲಾವಣೆ ತಂದೆ. ಅತಿ ಎತ್ತರದ ತುದಿಯ ನೇರಕ್ಕೆ ಬುಡದ ಹಲಗೆಯಿಂದ ಒಂದು ತೆಳ್ಳನೆಯ ಹಿತ್ತಾಳೆ ಸರಳನ್ನು ನಿಲ್ಲಿಸಿ, ಹಾಳೆಗಳನ್ನೆಲ್ಲ ಅದಕ್ಕೆ ಪೋಣಿಸಿ, ತುದಿಯ ಒಂದು ಕೂದಲೆಳೆ ಕೆಳಗೆ ಕೊನೆಯಾಗುವಂತೆ ಮಾಡುತ್ತಿದ್ದೆ. ಯಾರಾದರೂ ಅರ ಹಿಡಿದು ತುದಿ ಉಜ್ಜಿದರೆ ಹಿತ್ತಾಳೆ ಹೊಳೆಯುತ್ತದೆ. ಇದು ಏಕೆ ಎಂದು ಹೊಸಬರು ಕೇಳಿದಾಗ, ಬೆಟ್ಟಕ್ಕೆ ಬಲ ಬರಲಿ ಎಂದು ಹೇಳುತ್ತಿದ್ದೆ. ಕಸುಬು ನನಗೆ ಕಲಿಸಿದ್ದು ಇಷ್ಟು. ಎತ್ತರ ಗಿರಾಕಿಯದೂ ಅಲ್ಲ, ಮಾಡಿದವನದೂ ಅಲ್ಲ. ಅದನ್ನು ನಂಬಿ ಹಗ್ಗದ ಉದ್ದ ತೀರ್ಮಾನಿಸುವವರು ಯಾರೋ ಇರುತ್ತಾರೆ, ಅವರದು. ನಿವೃತ್ತನಾಗುವವರೆಗೂ, ಗಿರಾಕಿ ಕೊನೆಯ ತುಂಡನ್ನು ಅಂಟಿಸುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ. ಅವನ ಹಿಂದೆ ಯಾರ ತಂಗಿ ನಿಂತಿದ್ದಾಳೆ ಎಂದು ನೋಡುತ್ತಿದ್ದೆ.